ಅಟ್ಟದ ಮೇಲಿನ ಬಂದೂಕಿನ ದುರ್ಬೀನು: ಗುಜರಿಗೆ ಹಾಕೋ ಮುಂಚೆ ಅಕ್ಷರ ಓದಿ

ಬಿಂಡಿಗನವಿಲೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಹಳೇ ಮಿಲಿಟರಿ ರೈಫಲ್ ಸ್ಕೋಪು. ಅಂದ್ರೆ ಬಂದೂಕಿನ ಮೇಲೆ ಕೂರಿಸೋ ದುರ್ಬೀನು. ಅದನ್ನ ಗುರುತು ಹಿಡಿಯೋದು ಹೇಗೆ, ಬೆಲೆ ಕಟ್ಟೋದು ಹೇಗೆ ಅನ್ನೋದನ್ನ ನೋಡೋಣ.

ನಮ್ಮ ಕಡೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಸುತ್ತ ಮಿಲಿಟರಿಯಲ್ಲಿದ್ದು ಬಂದವರ ಮನೆಗಳಿವೆ. ತಾತ ತೀರಿಕೊಂಡ ಮೇಲೆ ಅಟ್ಟದ ಟ್ರಂಕು ಕೆಳಗಿಳಿಯುತ್ತೆ, ಒಳಗಿದ್ದ ಲೋಹದ ಸಾಮಾನು ಗುಜರಿ ತಕ್ಕಡಿಗೆ ಹೋಗುತ್ತೆ. ಇನ್ನೊಂದು ಕಡೆ, ನಮ್ಮ ವಯಸ್ಸಿನ ಹುಡುಗರು ಆನ್‌ಲೈನ್‌ನಲ್ಲಿ 'ಬ್ರಿಟಿಷ್ ಕಾಲದ್ದು' ಅಂತ ಹಿತ್ತಾಳೆ ಕೊಳವೆಗೆ ತಿಂಗಳ ಸಂಬಳ ಸುರೀತಾರೆ. ಅಸಲಿ ಕೆ.ಜಿ. ಲೆಕ್ಕದಲ್ಲಿ ಹೋಗುತ್ತೆ, ನಕಲಿ ಒಡವೆ ಲೆಕ್ಕದಲ್ಲಿ ಬರುತ್ತೆ. ಎರಡಕ್ಕೂ ಕಾರಣ ಒಂದೇ: ನಾವು ಲೋಹ ನೋಡ್ತೀವಿ, ಅಕ್ಷರ ಓದಲ್ಲ.

ನಾಗಮಂಗಲ ಲೋಹಶಿಲ್ಪಕ್ಕೆ ಹೆಸರಾದ ಊರು. ಹಿತ್ತಾಳೆ ಕೈಯಲ್ಲಿ ಹಿಡಿದೇ ಗುಣ ಹೇಳೋರು ಇಲ್ಲಿದ್ದಾರೆ. ಅವರನ್ನೇ ಕೇಳಿ, ಹೊಸ ಹಿತ್ತಾಳೆಗೆ ಹಳೇ ಬಣ್ಣ ಬರಿಸೋದು ಕಷ್ಟದ ಕೆಲಸ ಏನಲ್ಲ ಅಂತಾರೆ. ಹಾಗಾಗಿ ಕಪ್ಪಗಿದೆ, ಭಾರ ಇದೆ ಅನ್ನೋದು ಸಾಕ್ಷಿ ಅಲ್ಲ.

ಒಂದು ಉದಾಹರಣೆ ಕೊಡ್ತೀನಿ. 'ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917' ಅಂತ ಕೆತ್ತಿದ ಹಿತ್ತಾಳೆ ದುರ್ಬೀನುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆದರೆ ಕೆಲ್ವಿನ್ ಕಂಪನಿ, ಹ್ಯೂಸ್ ಕಂಪನಿ ಒಂದಾಗಿ ಆ ಹೆಸರು ಬಂದಿದ್ದೇ 1940ರ ದಶಕದಲ್ಲಿ. ಮದುವೆಗೆ ಮುಂಚೆಯೇ ಲಗ್ನಪತ್ರಿಕೆಯಲ್ಲಿ ಮಗುವಿನ ಹೆಸರು ಅಚ್ಚು ಹಾಕಿಸಿದ ಹಾಗಾಯ್ತು! ಅದು ಅಲಂಕಾರದ ಸಾಮಾನು. ಮೇಜಿನ ಮೇಲೆ ಇಡೋಕೆ ಕೊಂಡರೆ ತಪ್ಪಿಲ್ಲ, ಹಳೇದು ಅಂತ ಕೊಳ್ಳಬೇಡಿ.

ಈಗ ಅಸಲಿಗೆ ಬರೋಣ. 2ನೇ ಮಹಾಯುದ್ಧದ ಬ್ರಿಟಿಷ್ ಸ್ಕೋಪುಗಳಲ್ಲಿ ಹೆಸರುವಾಸಿ 'ನಂ. 32'. ಲೀ-ಎನ್‌ಫೀಲ್ಡ್ ನಂ. 4 (ಟಿ) ಸ್ನೈಪರ್ ರೈಫಲ್‌ಗೆ ಹಾಕ್ತಿದ್ದದ್ದು. ಆ ರೈಫಲ್ ಸ್ವಾತಂತ್ರ್ಯದ ನಂತರ ನಮ್ಮ ಸೇನೆಯಲ್ಲೂ ಇತ್ತು. ನೋಡೋಕೆ ಸಾಧಾರಣ: ಕಪ್ಪು ಕೊಳವೆ, ಮೂರು ಪಟ್ಟು ದೊಡ್ಡದು ಮಾಡಿ ತೋರಿಸುತ್ತೆ ಅಷ್ಟೇ. ಮಿರಮಿರ ಮಿಂಚಲ್ಲ, ಸಿಂಹದ ಚಿತ್ರ ಇರಲ್ಲ. ಆದರೆ ಕೊಳವೆ ಮೇಲೆ ಮಾದರಿ ಸಂಖ್ಯೆ, ಮಾರ್ಕ್ 1, 2 ಅಥವಾ 3, ತಯಾರಕರ ಸಂಕೇತ, ವರ್ಷ, ಕ್ರಮಸಂಖ್ಯೆ ಒತ್ತಿರ್ತಾರೆ. 'ಓ.ಎಸ್. 466 ಎ' ಅಂತಿದ್ದರೆ ಮಾರ್ಕ್ 1, 'ಓ.ಎಸ್. 2039 ಎ' ಅಂತಿದ್ದರೆ ಮಾರ್ಕ್ 3. 'ಆರ್.ಇ.ಎಲ್.' ಅಂತಿದ್ದರೆ ಕೆನಡಾದ ಟೊರಾಂಟೊದಲ್ಲಿ ಮಾಡಿದ್ದು. 'ನಂ. 32, 1917' ಅಂತ ಯಾರಾದ್ರೂ ತೋರಿಸಿದ್ರೆ ಕೈಮುಗಿದು ಎದ್ದು ಬನ್ನಿ.

ಕೋಳಿ ಹೆಜ್ಜೆ ಥರ ಮೂರು ಗೆರೆಯ ಬಾಣವನ್ನೂ ಹುಡುಕಿ. ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಗುರುತು. ಬಾಣದ ಕೆಳಗೆ 'ಐ' ಇದ್ದರೆ ಭಾರತದ್ದು. ಬಾಣ 'ಸಿ' ಅಕ್ಷರದ ಒಳಗಿದ್ದರೆ ಕೆನಡಾದ್ದು. ಎರಡು ಬಾಣ ತುದಿಗೆ ತುದಿ ತಾಗಿಸಿದ್ದರೆ ಸೇನೆ ಅದನ್ನ ಅಧಿಕೃತವಾಗಿ ಹೊರಗೆ ಮಾರಿದೆ ಅಂತ ಅರ್ಥ. ಗರುಡನ ಊರಿನವರು ನಾವು, ಇಷ್ಟು ಕಣ್ಣು ಹಾಯಿಸೋದು ಕಷ್ಟವೇನಲ್ಲ.

ಈಗ ಬೆಲೆ. ಅದು ನಿಂತಿರೋದು ಜೋಡಿ ಮೇಲೆ. ನಂ. 4 (ಟಿ) ರೈಫಲ್‌ನ ಮರದ ಹಿಡಿಯ ಮೇಲೆ ಅದರದೇ ಸ್ಕೋಪಿನ ಸಂಖ್ಯೆ ಒತ್ತಿರ್ತಾರೆ. ಸ್ಕೋಪು ಕೂರಿಸೋ ಬ್ರಾಕೆಟ್ ಮೇಲೆ ರೈಫಲ್ ಸಂಖ್ಯೆ ಇರುತ್ತೆ. ಎಲ್ಲ ಒಂದಕ್ಕೊಂದು ತಾಳೆಯಾದ್ರೆ, ಜೊತೆಗೆ ತಗಡಿನ ಡಬ್ಬಿಯೂ ಇದ್ದರೆ, ಸಂಗ್ರಾಹಕರು ಕೊಡೋ ಬೆಲೆಯೇ ಬೇರೆ. ಬಿಡಿಬಿಡಿಯಾದ್ರೆ ಅರ್ಧ ಕಥೆ ಹೋಯ್ತು.

ಆಮೇಲೆ ಗಾಜು. ಆಕಾಶದ ಕಡೆ ಹಿಡಿದು ನೋಡಿ, ಸೂರ್ಯನ ಕಡೆ ಮಾತ್ರ ಬೇಡ. ಜೇಡರಬಲೆ ಥರ ಎಳೆ ಕಂಡರೆ ಬೂಷ್ಟು. ಅಂಚಿನಲ್ಲಿ ಹಳದಿ ಅಥವಾ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜಿನ ಅಂಟು ಬಿಟ್ಟಿದೆ. ತಿರುಪು ಬಿಗಿಯಾಗಿದ್ದರೆ ಇಕ್ಕಳ ಹಾಕಬೇಡಿ. ಮುಖ್ಯವಾಗಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ! ಕಪ್ಪು ಬಣ್ಣ ಹೋದ್ರೆ ಬೆಲೆಯೂ ಅದರ ಜೊತೆಗೇ ಹೋಗುತ್ತೆ.

ಬಿ.ಕಾಂ.ನಲ್ಲಿ ದಾಸ್ತಾನಿಗೆ ಬೆಲೆ ಕಟ್ಟೋ ಸೂತ್ರ ಒಂದಿದೆ: ಕೊಂಡ ಬೆಲೆ, ಮಾರಿದ್ರೆ ಬರೋ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇಲ್ಲೂ ಹಾಗೇ. ಆನ್‌ಲೈನ್‌ನಲ್ಲಿ ಯಾರೋ ಹಾಕಿರೋ ರೇಟು ಅವರ ಆಸೆ, ಬೆಲೆ ಅಲ್ಲ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ. ಅದೂ ಅದೇ ಮಾರ್ಕು, ಅದೇ ಸ್ಥಿತಿಯದ್ದನ್ನ ಹೋಲಿಸಿ. ವಿದೇಶದ ರೇಟನ್ನ ರೂಪಾಯಿಗೆ ಗುಣಿಸಿ ಕನಸು ಕಾಣಬೇಡಿ.

ಯಾಕಂದ್ರೆ ಕಾನೂನು ಇದೆ. 100 ವರ್ಷ ದಾಟಿದ ವಸ್ತು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನ ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ. 1918ರ ಸ್ಕೋಪುಗಳು ಆ ವಯಸ್ಸು ದಾಟಿವೆ. ಇನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿನ ಭಾಗಗಳನ್ನೂ ಆಯುಧ ಅಂತಲೇ ಕರೆಯುತ್ತೆ. ಸ್ಕೋಪಿನ ಜೊತೆ ಬಂದೂಕೂ ಇದ್ದು, ಲೈಸೆನ್ಸ್ ಇದ್ದವರು ತೀರಿಕೊಂಡಿದ್ದರೆ, ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸ್ ಇರೋ ವ್ಯಾಪಾರಿಗೆ ಒಪ್ಪಿಸಿ ರಸೀದಿ ತಗೊಳ್ಳಿ. ಒಪ್ಪಿಸೋ ಮುಂಚೆ ಹಿಡಿಯ ಮೇಲಿನ ಸಂಖ್ಯೆ, ಸ್ಕೋಪಿನ ಸಂಖ್ಯೆ ಎರಡನ್ನೂ ಫೋಟೊ ತೆಗೆದಿಡಿ. ಜೋಡಿ ಅಂತ ನಾಳೆ ತೋರಿಸೋಕೆ ಆ ಫೋಟೊ ಬೇಕಾಗುತ್ತೆ.

ಟ್ರಂಕಿನಲ್ಲಿ ಡಿಸ್ಚಾರ್ಜ್ ಪುಸ್ತಕ, ಪತ್ರ ಇದ್ದರೆ ಅವನ್ನೂ ಜೊತೆಯಲ್ಲೇ ಇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಇವತ್ತೇ ಕೇಳಿ, ತಾತ ಯಾವ ಪಲ್ಟನ್ನು, ಎಲ್ಲಿದ್ದರು ಅಂತ ಬರೆದಿಟ್ಟುಕೊಳ್ಳಿ. ಕೊಳವೆ ಮೇಲೆ ಒತ್ತದೇ ಇರೋದು ಅದೊಂದೇ.