ಎಣಿಸದಿದ್ದರೆ ಕಾಯಿಲೆ ಇಲ್ಲವೇ?

ಇವತ್ತು ನಿಮ್ಮನ್ನು ಒಂದು ಪುಟ್ಟ ದೇಶಕ್ಕೆ ಕರ್ಕೊಂಡು ಹೋಗ್ತೀನಿ. ಹೆಸರು ನೌರು. ಪೆಸಿಫಿಕ್ ಸಾಗರದ ನಡುವೆ ಇರೋ ದ್ವೀಪ. ವಿಸ್ತೀರ್ಣ ಬರೀ 21 ಚದರ ಕಿಲೋಮೀಟರ್. ಕಾರು ಹತ್ತಿದರೆ ಅರ್ಧ ಗಂಟೆಯಲ್ಲಿ ಇಡೀ ದೇಶ ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬರಬಹುದು.

1968ರಲ್ಲಿ ನೌರು ಸ್ವತಂತ್ರವಾಯಿತು. ನೆಲದಲ್ಲಿ ಫಾಸ್ಫೇಟ್ ಇತ್ತು, ಗೊಬ್ಬರಕ್ಕೆ ಬೇಕಾಗುವ ಖನಿಜ. ಅದನ್ನು ಅಗೆದು ಮಾರಿದರು, ದುಡ್ಡು ಹೊಳೆಯಾಗಿ ಹರಿಯಿತು. ಎಪ್ಪತ್ತರ ದಶಕದಲ್ಲಿ ತಲಾ ಆದಾಯದಲ್ಲಿ ಪ್ರಪಂಚದ ಶ್ರೀಮಂತ ದೇಶಗಳ ಸಾಲಿಗೆ ಬಂದು ಕೂತಿತು. ಮೀನು ಹಿಡಿಯೋದು, ತೆಂಗಿನಕಾಯಿ ಕೀಳೋದು ಯಾರಿಗೆ ಬೇಕು? ಅಕ್ಕಿ, ಸಕ್ಕರೆ, ಡಬ್ಬಿ ಮಾಂಸ ಎಲ್ಲಾ ಹಡಗಲ್ಲೇ ಬರ್ತಿತ್ತು.

1975-76ರಲ್ಲಿ ಆಸ್ಟ್ರೇಲಿಯಾದ ವೈದ್ಯ ಪಾಲ್ ಝಿಮ್ಮೆಟ್ ಅವರ ತಂಡ ಅಲ್ಲಿ ಸಮೀಕ್ಷೆ ಮಾಡಿತು. ಜನರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಸಿಕ್ಕ ಉತ್ತರ ಏನು ಗೊತ್ತಾ? ವಯಸ್ಕರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ!

ತಕ್ಷಣ ಒಂದು ವಾದ ಎದ್ದಿತು. ಇದೆಲ್ಲಾ ರಕ್ತದಲ್ಲೇ ಇದೆ, ವಂಶವಾಹಿಯ ದೋಷ ಅಂತ. ಹಾಗಂದುಬಿಟ್ಟರೆ ಯಾರೂ ಜವಾಬ್ದಾರರಲ್ಲ, ಅಲ್ವಾ? ಆದರೆ 1980ರಲ್ಲಿ ಫಿಜಿಯಲ್ಲಿ ನಡೆದ ಸಮೀಕ್ಷೆ ನೋಡಿ. ಮೂಲನಿವಾಸಿಗಳಲ್ಲಿ ಹಳ್ಳಿಯವರಿಗಿಂತ ಪಟ್ಟಣದವರಲ್ಲಿ ಕಾಯಿಲೆ ಎಷ್ಟೋ ಪಟ್ಟು ಹೆಚ್ಚು. ಜನಾಂಗ ಒಂದೇ, ಬದುಕು ಬೇರೆ. ರಕ್ತವನ್ನೊಂದೇ ದೂರಿದರೆ ಈ ಲೆಕ್ಕ ಸರಿಹೋಗಲ್ಲ.

ಅದೇ ಫಿಜಿಯಲ್ಲಿ ಇನ್ನೊಂದು ಗುಂಪು ಇತ್ತು. ಬ್ರಿಟಿಷರ ಕಾಲದಲ್ಲಿ, 1879ರಿಂದ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದ ಭಾರತೀಯರ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಹಳ್ಳಿಯಲ್ಲೂ ಕಾಯಿಲೆ ಹೆಚ್ಚು, ಪಟ್ಟಣದಲ್ಲೂ ಹೆಚ್ಚು. ಅಂದರೆ ನಮ್ಮವರ ಬಗ್ಗೆ ನಾಲ್ಕು ದಶಕದ ಹಿಂದೆಯೇ ಎಚ್ಚರಿಕೆಯ ಗಂಟೆ ಬಾರಿಸಿತ್ತು.

ನಾನು ಓದಿದ್ದು ಎಂಜಿನಿಯರಿಂಗ್. ಅಳೆಯದೆ ಯಾವುದನ್ನೂ ರಿಪೇರಿ ಮಾಡಬೇಡ ಅನ್ನೋದು ನಮಗೆ ಮೊದಲ ಪಾಠ. ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಸಮೀಕ್ಷೆ ಮಾಡೋದೂ ಅದನ್ನೇ. ಮೊದಲು ಪ್ರಶ್ನೆ: ಏನು ತಿಂತೀರಿ, ಸಿಗರೇಟು ಸೇದ್ತೀರಾ? ಆಮೇಲೆ ತೂಕ, ಸೊಂಟದ ಅಳತೆ, ಬಿ.ಪಿ. ಕೊನೆಗೆ ರಕ್ತ ಪರೀಕ್ಷೆ. ಪೆಸಿಫಿಕ್ ದ್ವೀಪಗಳಲ್ಲಿ ಒಂದಾದ ಮೇಲೊಂದು ಹೀಗೇ ಲೆಕ್ಕ ಹಾಕುತ್ತಾ ಬಂದಿದ್ದಾರೆ.

ಲೆಕ್ಕ ಸಿಕ್ಕಿದ ಮಾತ್ರಕ್ಕೆ ನೌರು ಉಳಿಯಿತಾ? ಇಲ್ಲ. ಫಾಸ್ಫೇಟ್ ಮುಗಿಯುತ್ತಾ ಬಂತು, ದುಡ್ಡು ಕರಗಿತು. ಅಗೆದ ನೆಲದಲ್ಲಿ ಬೆಳೆ ಬೆಳೆಯೋ ಹಾಗಿಲ್ಲ. ಸಿರಿತನ ಹೋಯಿತು, ಸಿರಿತನ ತಂದ ಕಾಯಿಲೆ ಮಾತ್ರ ಮನೆಯಲ್ಲೇ ಉಳೀತು.

ನಮ್ಮ ಕಥೆ ಏನು? ಐ.ಸಿ.ಎಂ.ಆರ್. ಬೆಂಬಲದಲ್ಲಿ ದೇಶದ 1 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 10 ಕೋಟಿಗೂ ಹೆಚ್ಚು ಭಾರತೀಯರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ನಮ್ಮಪ್ಪನೂ ಹೇಳ್ತಿದ್ದರು, “ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ” ಅಂತ. ನಾನೂ ನಂಬಿದ್ದೆ. ಕಾಲಿನ ಗಾಯ ತಿಂಗಳಾದರೂ ಮಾಯದಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿದ್ದು. ದಿನಾ ಟಿ.ವಿ.ಯಲ್ಲಿ ಅಂಕಿಸಂಖ್ಯೆ ಓದೋ ಮಗ, ಮನೆಯ ಒಂದೇ ಒಂದು ಸಂಖ್ಯೆ ಕೇಳಿರಲಿಲ್ಲ.

ಹಾಗಾಗಿ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದರೆ “ಮನೇಲಿ ಯಾರೂ ಇಲ್ಲ” ಅನ್ನಬೇಡಿ. ಯಾರೂ ಬರದಿದ್ದರೆ ನೀವೇ ಹೋಗಿ ಪರೀಕ್ಷೆ ಮಾಡಿಸಿ. ಎಣಿಸದೇ ಇದ್ದರೆ ಕಾಯಿಲೆ ಹೋಗಲ್ಲ, ಒಳಗೊಳಗೇ ಬೆಳೆಯುತ್ತೆ ಅಷ್ಟೇ.

ಯೋಚನೆ ಮಾಡಿ.