ಎಂಜಿನ್ ನಿಂತ ಮೇಲೆ ಕಲಿಯಲಾಗದು

(ಚಾರ್ಮಾಡಿಯಲ್ಲಿ ನಡೆದ ಯುವ ಶಿಬಿರದಲ್ಲಿ ವಿಮಾನ ಹಾರಾಟ ಕಲಿಸುವ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಹೆಚ್ಚಿನವರು ಕೊಟ್ಟಿಗೆಹಾರದಿಂದ ಘಾಟಿ ಇಳಿದು ಇಲ್ಲಿಗೆ ಬಂದಿದ್ದೀರಿ. ಒಳ್ಳೆಯ ಚಾಲಕ ಆ ಇಳಿಜಾರಿನಲ್ಲಿ ಗಾಡಿಯನ್ನು ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸುತ್ತಾನೆ. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕಿದವನಿಗೆ ಬ್ರೇಕ್ ಕಾದು ಹಿಡಿಯದೆ ಹೋದಾಗ ತಪ್ಪು ತಿಳಿಯುತ್ತದೆ. ಆದರೆ ಮುಂದಿನ ತಿರುವು ಅವನಿಗಾಗಿ ಕಾಯುವುದಿಲ್ಲ. ವಿಮಾನ ಕಲಿಸುವ ನಾವು ಈ ಕಾರಣಕ್ಕೇ, ಎಂಜಿನ್ ಚೆನ್ನಾಗಿರುವಾಗಲೇ ಅದು ಕೆಟ್ಟಿತೆಂದು ಎಣಿಸಿ ಇಳಿಯುವ ಅಭ್ಯಾಸ ಮಾಡಿಸುತ್ತೇವೆ.

ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಅಲ್ಲಾಗಲಿ, ಲೋಕದ ಬೇರೆ ಯಾವ ಶಾಲೆಯಲ್ಲಾಗಲಿ, ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಕಲಿಯುವವರಿಗೆ ಈ ಪಾಠ ತಪ್ಪಿದ್ದಲ್ಲ. ನೆಲದಿಂದ ಸುಮಾರು ೩,೦೦೦ ಅಡಿ ಮೇಲೆ ಹಾರುತ್ತಿರುವಾಗ ಶಿಕ್ಷಕ ಥ್ರಾಟಲನ್ನು ಪೂರ್ತಿ ಹಿಂದಕ್ಕೆಳೆದು, ‘ಎಂಜಿನ್ ಹೋಯಿತು, ಏನು ಮಾಡುತ್ತೀಯಮ್ಮ?’ ಎಂದು ವಿದ್ಯಾರ್ಥಿನಿಯನ್ನು ಕೇಳುತ್ತಾನೆ. ಎಂಜಿನ್ ಆರಿರುವುದಿಲ್ಲ, ಸಣ್ಣಗೆ ತಿರುಗುತ್ತಿರುತ್ತದೆ, ಅಷ್ಟೆ. ಆದರೂ ಆ ನಿಶ್ಶಬ್ದ ಎದೆಗೆ ತಾಕುತ್ತದೆ.

ಆಗ ಮನಸ್ಸು ಮೂತಿಯನ್ನು ಮೇಲೆತ್ತು ಎನ್ನುತ್ತದೆ. ನೆಲ ಹತ್ತಿರ ಬರುತ್ತಿದೆಯಲ್ಲ! ಆದರೆ ಮೂತಿ ಎತ್ತಿದರೆ ವೇಗ ಕುಂದುತ್ತದೆ, ರೆಕ್ಕೆ ಗಾಳಿಯ ಆಸರೆ ಕಳೆದುಕೊಂಡು ವಿಮಾನ ಕಲ್ಲಿನಂತೆ ಬೀಳುತ್ತದೆ. ಆದ್ದರಿಂದ ಮೂತಿಯನ್ನು ತಗ್ಗಿಸಿ ಸರಿಯಾದ ವೇಗ ಹಿಡಿಯುವುದು ಮೊದಲ ಕೆಲಸ. ಸೆಸ್ನಾ ೧೭೨ ವಿಮಾನಕ್ಕೆ ಅದು ಗಂಟೆಗೆ ಸುಮಾರು ೧೨೦ ಕಿ.ಮೀ. ಆ ವೇಗದಲ್ಲಿ ಅದು ಪ್ರತಿ ಸಾವಿರ ಅಡಿ ಇಳಿಯುವಷ್ಟರಲ್ಲಿ ಸುಮಾರು ಎರಡೂವರೆ ಕಿ.ಮೀ. ತೇಲುತ್ತದೆ. ಮೂರು ಸಾವಿರ ಅಡಿ ಎತ್ತರವಿದ್ದರೆ ಕೈಯಲ್ಲಿರುವುದು ಸುಮಾರು ನಾಲ್ಕು ನಿಮಿಷ.

ಎರಡನೆಯ ಕೆಲಸ ಜಾಗ ಗೊತ್ತುಮಾಡುವುದು. ಗಾಳಿ ಎತ್ತ ಬೀಸುತ್ತಿದೆ, ಹೊಲ ಎಷ್ಟುದ್ದವಿದೆ, ವಿದ್ಯುತ್ ತಂತಿ ಇದೆಯೇ, ದನ ಮೇಯಿಸುವವರು ಇದ್ದಾರೆಯೇ ಎಂದು ನೋಡಬೇಕು. ಮೂರನೆಯದು ಕಾರಣ ಹುಡುಕುವುದು: ಇಂಧನದ ಕವಾಟ, ಇಂಧನ ಗಾಳಿಗಳ ಮಿಶ್ರಣ, ಕಾರ್ಬ್ಯುರೇಟರಿನ ಬಿಸಿಗಾಳಿ, ಮ್ಯಾಗ್ನೆಟೊ. ಆಮೇಲೆ ರೇಡಿಯೊದಲ್ಲಿ ‘ಮೇಡೇ’ ಎಂಬ ಕರೆ. ನಿಜವಾಗಿಯೂ ಇಳಿಯುವುದಾದರೆ ಕೊನೆಗೆ ಇಂಧನ ಮುಚ್ಚಿ, ಬಾಗಿಲಿನ ಚಿಲಕ ತೆಗೆದಿಡಬೇಕು. ಈ ಕ್ರಮ ತಪ್ಪಬಾರದು. ಮಾತಿಗೆ ಮೊದಲು ವಿಮಾನ.

ಅಭ್ಯಾಸಕ್ಕೂ ಎಲ್ಲೆ ಇದೆ. ಇಳಿಯುವಾಗ ನಡುನಡುವೆ ಎಂಜಿನ್ನಿಗೆ ಶಕ್ತಿ ಕೊಟ್ಟು ಬಿಸಿಯಾಗಿಡಬೇಕು. ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಬಂದಕೂಡಲೇ ಥ್ರಾಟಲ್ ಮುಂದೊತ್ತಿ ಮೇಲೇರಬೇಕು. ಇನ್ನೊಂದಿಷ್ಟು ಕೆಳಗಿಳಿಯೋಣ ಎಂಬ ಜಂಬದಿಂದ ಅಭ್ಯಾಸವೇ ಅಪಘಾತವಾದದ್ದುಂಟು.

ಎಲ್ಲಕ್ಕಿಂತ ಕಠಿಣವಾದ ಪಾಠ, ನೆಲ ಬಿಟ್ಟ ಕೂಡಲೇ ಎಂಜಿನ್ ನಿಂತಾಗಿನದು. ರನ್‌ವೇ ಬೆನ್ನ ಹಿಂದೆಯೇ ಇದೆ, ಹಿಂತಿರುಗೋಣ ಎನಿಸುತ್ತದೆ. ಎತ್ತರ ಸಾಲದೆ ಹಾಗೆ ತಿರುಗಲು ಹೋಗಿ ಪ್ರಾಣ ಕಳೆದುಕೊಂಡವರು ಬಹಳ. ಮುಂದೆ ಕಾಣುವ ಬಯಲಿನಲ್ಲೇ ಇಳಿ, ವಿಮಾನ ಮುರಿದರೆ ಮುರಿಯಲಿ, ಜೀವ ಉಳಿಯಲಿ ಎಂದು ಕಲಿಸುತ್ತೇವೆ. ಬಿಡಬೇಕಾದದ್ದನ್ನು ಬಿಡುವುದಕ್ಕೂ ಅಭ್ಯಾಸ ಬೇಕು.

ಈಗ ತಲೆಯೆತ್ತಿ ಈ ಘಟ್ಟವನ್ನು ನೋಡಿ. ಕಡಿದಾದ ಕಾಡು, ಕಣಿವೆ, ಬಂಡೆ. ಬೆಳ್ತಂಗಡಿಯ ಕಡೆ ಅಡಿಕೆ ತೋಟ, ರಬ್ಬರ್ ತೋಟ, ನಡುವೆ ಅಗಲ ಕಿರಿದಾದ ಗದ್ದೆಗಳು. ಇದರ ಮೇಲೆ ಎಂಜಿನ್ ನಿಂತರೆ ಜಾಗವೆಲ್ಲಿ? ಬಲ್ಲ ಪೈಲಟ್ ಈ ಪ್ರಶ್ನೆಯನ್ನು ಘಟ್ಟ ಸೇರುವ ಮೊದಲೇ ಕೇಳಿಕೊಳ್ಳುತ್ತಾನೆ. ಯಾವ ಹಂತದಲ್ಲೂ ಒಂದು ಬಯಲಿಗೆ ತೇಲಿ ಮುಟ್ಟುವಷ್ಟು ಎತ್ತರವನ್ನು ಗಳಿಸಿಕೊಂಡೇ ದಾಟುತ್ತಾನೆ. ಪಡುವಣ ಗಾಳಿ ಬೆಟ್ಟ ಹತ್ತಿ ಇಳಿಯುವಾಗ ಮೂಡಣ ಮಗ್ಗುಲಲ್ಲಿ ವಿಮಾನವನ್ನು ಕೆಳಕ್ಕೊತ್ತುತ್ತದೆ. ಅದಕ್ಕೂ ಒಂದಿಷ್ಟು ಎತ್ತರ ಉಳಿಸಿಕೊಳ್ಳುತ್ತಾನೆ. ಅವನಿಗೆ ಎತ್ತರವೇ ಉಳಿತಾಯದ ಗಂಟು.

೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನಲ್ಲಿ ೧೫೫ ಜನರಿದ್ದ ವಿಮಾನಕ್ಕೆ ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲೆನ್‌ಬರ್ಗರ್ ಸುಮಾರು ಮೂರೂವರೆ ನಿಮಿಷದಲ್ಲಿ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು; ಎಲ್ಲರೂ ಬದುಕಿದರು. ಲೋಕ ಅದನ್ನು ಪವಾಡ ಎಂದಿತು. ಆಮೇಲೆ ತನಿಖೆಯವರು ಅದೇ ಸ್ಥಿತಿಯನ್ನು ಸಿಮ್ಯುಲೇಟರಿನಲ್ಲಿ ಮರುಸೃಷ್ಟಿಸಿದರು. ಹಕ್ಕಿ ಬಡಿದ ಕ್ಷಣವೇ ತಿರುಗಿದರೆ ವಿಮಾನ ನಿಲ್ದಾಣ ತಲುಪಬಹುದಿತ್ತು. ಮನುಷ್ಯ ಪರಿಸ್ಥಿತಿ ಅರಿತು ತೀರ್ಮಾನಿಸಲು ಬೇಕಾದ ೩೫ ಸೆಕೆಂಡುಗಳನ್ನು ಸೇರಿಸಿದಾಗ ತಲುಪಲಾಗಲಿಲ್ಲ. ಯೋಚನೆಗೂ ಸಮಯ ಬೇಕು, ಆ ಸಮಯಕ್ಕೆ ಎತ್ತರದ ಬೆಲೆ ತೆರಬೇಕು. ಅಭ್ಯಾಸವಾದ ಕೈಗೆ ಆ ಬೆಲೆ ಕಡಿಮೆ.

ಬಂಧುಗಳೇ, ಶರಣರು ಶಕುನ, ಮುಹೂರ್ತಗಳನ್ನು ತಳ್ಳಿ ಕಾಯಕವನ್ನು ನಂಬಿದರು. ನಾವಿನ್ನೂ ಗಾಡಿಗೆ ನಿಂಬೆಹಣ್ಣು ಕಟ್ಟುತ್ತೇವೆ, ಟೈರಿನ ಗಾಳಿ ನೋಡುವುದಿಲ್ಲ. ಅರಿವು ಆಚಾರವಾಗಬೇಕೆಂದು ವೇದಿಕೆಯ ಮೇಲೆ ಹೇಳುತ್ತೇವೆ. ವಿಮಾನದಲ್ಲಿ ಇದರ ಅರ್ಥ ಸರಳ: ಪುಸ್ತಕದಲ್ಲಿ ಓದಿದ್ದು ಆ ನಾಲ್ಕು ನಿಮಿಷಗಳಲ್ಲಿ ಕೈಗೆ ಬರಬೇಕು.

ಇಲ್ಲಿ ಸೇರಿರುವ ಮಠಗಳ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳು ಮಲಗುತ್ತಾರೆ. ರಾತ್ರಿ ಬೆಂಕಿ ಬಿದ್ದರೆ ಯಾವ ಬಾಗಿಲು, ಬೀಗದ ಕೈ ಯಾರ ಬಳಿ, ಅಡುಗೆಮನೆಯ ಗ್ಯಾಸ್ ಮುಚ್ಚುವವರಾರು? ಈ ತಿಂಗಳಲ್ಲೊಂದು ದಿನ, ಬೆಂಕಿ ಇಲ್ಲದಾಗಲೇ, ಮಕ್ಕಳನ್ನು ಎಬ್ಬಿಸಿ ಹೊರಗೆ ನಡೆಸಿ ನೋಡಿ. ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಮುಂದಿನ ತಿಂಗಳು ಮತ್ತೆ ನಡೆಸಿ.