ಸಂಜೆ ಆರರ ಮೌನ: ಆಸ್ಟ್ರೇಲಿಯದ ಮಾಜಿ ಸೈನಿಕರ ಕ್ಲಬ್ಬುಗಳು



ಆಸ್ಟ್ರೇಲಿಯದ ಸಣ್ಣ ಪಟ್ಟಣವೊಂದರಲ್ಲಿ ಇಳಿದ ಪ್ರವಾಸಿ, ರಾತ್ರಿ ಊಟಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಊರವರು ಅನೇಕ ಕಡೆ ತೋರಿಸುವುದು ಆರ್.ಎಸ್.ಎಲ್. ಕ್ಲಬ್ಬನ್ನು. ಒಳಗೆ ಹೋದರೆ ಅಗ್ಗದ ಊಟ, ಬಿಯರು, ಮೂಲೆಯಲ್ಲಿ ಗಲಗಲ ಎನ್ನುವ ಜೂಜಿನ ಯಂತ್ರಗಳು. ಇಂಥ ಅನೇಕ ಕ್ಲಬ್ಬುಗಳಲ್ಲಿ ಸಂಜೆ ಆರು ಗಂಟೆಗೆ ಇದ್ದಕ್ಕಿದ್ದಂತೆ ದೀಪಗಳು ಮಂದವಾಗುತ್ತವೆ. ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ. ಮಡಿದ ಯೋಧರನ್ನು ಕುರಿತು ಇಂಗ್ಲಿಷ್ ಕವಿ ಲಾರೆನ್ಸ್ ಬಿನ್ಯನ್ 1914ರಲ್ಲಿ ಬರೆದ ಪದ್ಯದ ನಾಲ್ಕು ಸಾಲುಗಳನ್ನು ಒಬ್ಬರು ಓದುತ್ತಾರೆ. ಸ್ವಲ್ಪ ಹೊತ್ತು ಮೌನ. ಮತ್ತೆ ದೀಪ ಹತ್ತುತ್ತದೆ, ಮಾತು ಶುರುವಾಗುತ್ತದೆ.

ಊಟದ ಮನೆಯೂ ಜೂಜುಕಟ್ಟೆಯೂ ಆಗಿರುವ ಜಾಗದಲ್ಲಿ ಸತ್ತವರ ಸ್ಮರಣೆ ಏಕೆ? ಇದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಉತ್ತರಕ್ಕಾಗಿ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು.

1914ರಲ್ಲಿ ಆಸ್ಟ್ರೇಲಿಯದ ಜನಸಂಖ್ಯೆ ಐವತ್ತು ಲಕ್ಷಕ್ಕೂ ಕಡಿಮೆ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸೈನ್ಯ ಸೇರಿದರು. ಕಡ್ಡಾಯ ಸೇವೆಗೆ ಕಳುಹಿಸುವ ಪ್ರಸ್ತಾಪವನ್ನು ಜನರು 1916 ಮತ್ತು 1917ರಲ್ಲಿ ಎರಡು ಬಾರಿ ಮತ ಹಾಕಿ ತಿರಸ್ಕರಿಸಿದ್ದರಿಂದ, ಹೀಗೆ ಹೋದವರೆಲ್ಲ ಸ್ವಇಚ್ಛೆಯಿಂದ ಹೋದವರೇ. 1915ರ ಏಪ್ರಿಲ್ 25ರಂದು ತುರ್ಕಿಯ ಗಲಿಪೊಲಿ ತೀರದಲ್ಲಿ ಅವರು ಇಳಿದ ದಿನವೇ ಇಂದಿಗೂ 'ಆನ್ಜಾಕ್ ದಿನ'. ಆ ತೀರದಲ್ಲಿ ಅವರ ಜೊತೆ ಸಿಖ್ಖರೂ ಗೂರ್ಖರೂ ಕಾದಾಡಿದರು. ಬೆಟ್ಟದ ಮೇಲಕ್ಕೆ ನೀರು, ಮದ್ದುಗುಂಡು ಸಾಗಿಸಿದ್ದು ಭಾರತದ ಹೇಸರಗತ್ತೆ ಪಡೆ ಎಂಬುದನ್ನು ಇಲ್ಲಿ ನೆನೆಯಬೇಕು. ಯುದ್ಧ ಮುಗಿಯುವ ವೇಳೆಗೆ ಅರುವತ್ತು ಸಾವಿರ ಆಸ್ಟ್ರೇಲಿಯನ್ನರು ಸತ್ತಿದ್ದರು. ಅವರ ಗೋರಿಗಳು ಸಾವಿರಾರು ಮೈಲಿ ದೂರದಲ್ಲಿ. ಹೆತ್ತವರಿಗೆ ಒಂದು ಹೂ ಇಡಲೂ ಜಾಗವಿರಲಿಲ್ಲ. ಊರೂರಿನಲ್ಲಿ ಹೆಸರು ಕೆತ್ತಿದ ಸ್ಮಾರಕಗಳು ಎದ್ದದ್ದು ಈ ಕಾರಣದಿಂದ.

ಬದುಕಿ ಬಂದವರ ಪಾಡು ಬೇರೆ. ಕಾಲು ಕಳೆದುಕೊಂಡವರು, ವಿಷಗಾಳಿಯಿಂದ ಶ್ವಾಸಕೋಶ ಕೆಟ್ಟವರು, ನಿದ್ದೆಯಲ್ಲಿ ಬೆಚ್ಚಿ ಕೂಗುವವರು. ಇವರಿಗಾಗಿ 1916ರ ಜೂನ್‌ನಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಮರಳಿ ಬಂದ ನಾವಿಕರು ಮತ್ತು ಸೈನಿಕರ ಸಂಘ ಹುಟ್ಟಿತು. ಹಲವು ಬಾರಿ ಹೆಸರು ಬದಲಾಯಿಸಿಕೊಂಡ ಅದೇ ಸಂಘ ಇಂದಿನ ಆರ್.ಎಸ್.ಎಲ್. ಪಿಂಚಣಿ, ಉದ್ಯೋಗ, ಆಸ್ಪತ್ರೆ, ಜಮೀನು ಇವುಗಳಿಗಾಗಿ ಸರ್ಕಾರದ ಬಾಗಿಲು ತಟ್ಟುವುದೇ ಅದರ ಮುಖ್ಯ ಕೆಲಸವಾಯಿತು. ಸೈನಿಕರಿಗೆ ಸರ್ಕಾರ ಜಮೀನನ್ನೇನೋ ಕೊಟ್ಟಿತು. ಆದರೆ ಹಿಡುವಳಿ ಸಣ್ಣದು, ಸಾಲ ದೊಡ್ಡದು, ಮಳೆ ನಂಬುವಂತಿಲ್ಲ. ಅನೇಕರು ಬೇಸಾಯ ಬಿಟ್ಟು ಬರಿಗೈಲಿ ಹೊರಟರು. ಆಗ ಅವರ ಪರವಾಗಿ ಅರ್ಜಿ ಬರೆಯಲು ಊರಿನಲ್ಲಿ ಒಂದು ಉಪಶಾಖೆ ಇದ್ದದ್ದು ದೊಡ್ಡ ಆಸರೆಯೇ ಸರಿ.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಉಪಶಾಖೆ ಎಂದರೆ ಮಾಜಿ ಸೈನಿಕರ ಸಂಘ. ಕ್ಲಬ್ಬು ಎಂದರೆ ಬಾರು, ಅಡುಗೆಮನೆ, ಸಭಾಂಗಣ ಇರುವ ವ್ಯವಹಾರ. ಎರಡೂ ಒಂದೇ ಕಟ್ಟಡದಲ್ಲಿದ್ದರೂ ಅನೇಕ ಕಡೆ ಕಾನೂನಿನ ಪ್ರಕಾರ ಬೇರೆ ಬೇರೆ. ಆನ್ಜಾಕ್ ದಿನದ ನಸುಕಿನ ಪ್ರಾರ್ಥನೆ, ಮೆರವಣಿಗೆ, ಸದಸ್ಯರ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಮೇಲೆ ಕೆಂಪು ಗಸಗಸೆ ಹೂ ಇಡುವುದು, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು ಉಪಶಾಖೆಯ ಕೆಲಸ. ಹಣಕ್ಕಾಗಿ ಬಿಸ್ಕತ್ತು ಬೇಯಿಸಿ, ಚಹಾಕೂಟ ನಡೆಸಿದ್ದು ಮಹಿಳಾ ಘಟಕಗಳು. ಮಡಿದವರ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಲು 1923ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ 'ಲೆಗಸಿ' ಎಂಬ ಬೇರೊಂದು ಸಂಸ್ಥೆಯೂ ಇದೆ.

ಕ್ಲಬ್ಬಿನ ಕಡೆ ದುಡ್ಡು ಹರಿದು ಬಂದದ್ದು 1956ರಿಂದ. ಆ ವರ್ಷ ನ್ಯೂ ಸೌತ್ ವೇಲ್ಸ್ ರಾಜ್ಯವು ನೋಂದಾಯಿತ ಕ್ಲಬ್ಬುಗಳಲ್ಲಿ ಜೂಜಿನ ಯಂತ್ರಗಳನ್ನು ಕಾನೂನುಬದ್ಧಗೊಳಿಸಿತು. ತಗಡಿನ ಚಾವಣಿಯ ಕಟ್ಟಡಗಳಿದ್ದ ಕಡೆ ದೊಡ್ಡ ಸಭಾಂಗಣಗಳು ಬಂದವು. ಊರಿನ ಕ್ರಿಕೆಟ್ ತಂಡಕ್ಕೆ, ಶಾಲೆಗೆ ಕ್ಲಬ್ಬಿನಿಂದ ದೇಣಿಗೆ ಸಿಕ್ಕಿತು. ಮದುವೆಗೂ ಸಾರ್ವಜನಿಕ ಸಭೆಗೂ ಅದೇ ಜಾಗವಾಯಿತು. ಆದರೆ ಆ ಹಣ ಬಂದದ್ದು ಯಾರ ಜೇಬಿನಿಂದ ಎಂಬ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ. ಸೈನಿಕರ ನೆನಪಿನ ಹೆಸರಿನಲ್ಲಿ ಬಡವರ ಕೂಲಿಯನ್ನು ಯಂತ್ರಕ್ಕೆ ಸುರಿಸುವುದು ಸರಿಯೇ ಎಂದು ಮಾಜಿ ಸೈನಿಕರೇ ಕೇಳಿದ್ದುಂಟು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಬಾಗಿಲಿನದು. ಕ್ಲಬ್ಬಿನ ಒಳಗೆ ಯಾರಿಗೆ ಪ್ರವೇಶ?

ಸಿಡ್ನಿಯಿಂದ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ನಮೋಯಿ ಮತ್ತು ಬಾರ್ವನ್ ನದಿಗಳು ಕೂಡುವಲ್ಲಿ ವಾಲ್ಗೆಟ್ ಎಂಬ ಸಣ್ಣ ಪಟ್ಟಣವಿದೆ. ಸುತ್ತಲೂ ಕುರಿ ಸಾಕಣೆ, ಗೋಧಿಯ ಹೊಲ. ಇಲ್ಲಿಯ ಮೂಲನಿವಾಸಿಗಳೂ ಸೈನ್ಯಕ್ಕೆ ಹೋಗಿ ಬಂದಿದ್ದರು. ಮೊದಲನೆಯ ಮಹಾಯುದ್ಧದಲ್ಲೇ ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳು ಸೇವೆ ಸಲ್ಲಿಸಿದ್ದಾರೆ. ಆದರೆ ಊರಿಗೆ ಮರಳಿದಾಗ ಅವರ ಪಾಲಿಗೆ ಸರ್ಕಾರದ ಜಮೀನು ದೊರಕಿದ್ದು ಅಪರೂಪ. ಕೆಲವು ಊರುಗಳ ಕ್ಲಬ್ಬುಗಳಲ್ಲಿ ಅವರಿಗೆ ಆನ್ಜಾಕ್ ದಿನ ಮಾತ್ರ ಪ್ರವೇಶ. ಮರುದಿನ ಬಾಗಿಲು ಮುಚ್ಚಿತೆಂದೇ ಅರ್ಥ. ವಾಲ್ಗೆಟ್ ಕ್ಲಬ್ಬು ಅವರಿಗೆ ಸದಸ್ಯತ್ವ ಕೊಡುತ್ತಿರಲಿಲ್ಲ.

1965ರ ಫೆಬ್ರುವರಿಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಮಾರು ಮೂವತ್ತು ವಿದ್ಯಾರ್ಥಿಗಳು ಬಸ್ಸೊಂದರಲ್ಲಿ ಹೊರಟು ವಾಲ್ಗೆಟ್‌ಗೆ ಬಂದರು. ಮುಂದಾಳು ಚಾರ್ಲ್ಸ್ ಪರ್ಕಿನ್ಸ್, ಸ್ವತಃ ಮೂಲನಿವಾಸಿ. ಸುಡುಬಿಸಿಲಿನಲ್ಲಿ ಅವರು ಕ್ಲಬ್ಬಿನ ಎದುರು ಫಲಕ ಹಿಡಿದು ಗಂಟೆಗಟ್ಟಲೆ ನಿಂತರು. ಟೊಬ್ರುಕ್ ಯುದ್ಧಕ್ಕೆ ಆಗಬಹುದಾದವನು ವಾಲ್ಗೆಟ್ ಕ್ಲಬ್ಬಿಗೆ ಏಕಾಗುವುದಿಲ್ಲ ಎಂಬುದು ಒಂದು ಫಲಕದ ಪ್ರಶ್ನೆ. ಟೊಬ್ರುಕ್ ಎಂದರೆ 1941ರಲ್ಲಿ ಆಸ್ಟ್ರೇಲಿಯದ ಸೈನಿಕರು ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದು ನಿಂತ ಲಿಬಿಯದ ಬಂದರು. ರಾತ್ರಿ ವಿದ್ಯಾರ್ಥಿಗಳು ಊರು ಬಿಡುವಾಗ ಲಾರಿಯೊಂದು ಅವರ ಬಸ್ಸನ್ನು ರಸ್ತೆಯಿಂದ ಆಚೆಗೆ ತಳ್ಳಿತು. ಸುದ್ದಿ ಸಿಡ್ನಿಯ ಪತ್ರಿಕೆಗಳಲ್ಲಿ ಬಂದು ದೇಶವೆಲ್ಲ ವಾಲ್ಗೆಟ್ ಕಡೆ ತಿರುಗಿ ನೋಡಿತು. ಎರಡೇ ವರ್ಷಗಳಲ್ಲಿ, 1967ರ ಜನಮತಗಣನೆಯಲ್ಲಿ, ಮೂಲನಿವಾಸಿಗಳ ಪರವಾದ ಸಂವಿಧಾನ ತಿದ್ದುಪಡಿಗೆ ಶೇಕಡಾ 90ಕ್ಕೂ ಹೆಚ್ಚು ಮತ ಬಿತ್ತು.

ಬಾಗಿಲ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ವಿಯೆಟ್ನಾಮ್ ಯುದ್ಧಕ್ಕೆ ಸುಮಾರು ಅರುವತ್ತು ಸಾವಿರ ಆಸ್ಟ್ರೇಲಿಯನ್ನರು ಹೋದರು. ಅವರಲ್ಲಿ ಅನೇಕರಿಗೆ ಹಿಂದಿನ ಯುದ್ಧಗಳ ಹಿರಿಯರಿಂದ ಕ್ಲಬ್ಬುಗಳಲ್ಲಿ ಕೇಳಿಬಂದದ್ದು, 'ನಿಮ್ಮದೇನು ಯುದ್ಧ?' ಎಂಬ ಧಾಟಿಯ ಮಾತು. ಬೀದಿಯಲ್ಲಿ ಯುದ್ಧವಿರೋಧಿಗಳ ಸಿಟ್ಟು, ಕ್ಲಬ್ಬಿನಲ್ಲಿ ಹಿರಿಯರ ತಾತ್ಸಾರ. ಅವರು ತಮ್ಮದೇ ಸಂಘ ಕಟ್ಟಿಕೊಂಡರು. ಸಿಡ್ನಿಯಲ್ಲಿ ಅವರಿಗೆ ಸ್ವಾಗತದ ಮೆರವಣಿಗೆ ನಡೆದದ್ದು 1987ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ಅನೇಕರ ತಲೆ ನರೆತಿತ್ತು.

ಗಲಿಪೊಲಿಯಲ್ಲಿ ಹೋರಾಡಿದವರ ಪೈಕಿ ಕೊನೆಯವರಾದ ಅಲೆಕ್ ಕ್ಯಾಂಪ್‌ಬೆಲ್ 2002ರಲ್ಲಿ ತೀರಿಕೊಂಡರು. ಹಳಬರು ಹೋದಂತೆ ಸಣ್ಣ ಊರುಗಳ ಉಪಶಾಖೆಗಳಲ್ಲಿ ಬೆರಳೆಣಿಕೆಯ ಜನ ಉಳಿದಿದ್ದಾರೆ. ಆದರೆ ಅಗತ್ಯ ಮುಗಿದಿಲ್ಲ. ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದವರ ಗಾಯ ಹೊರಗೆ ಕಾಣುವಂಥದಲ್ಲ. ಸೈನಿಕರ ಮತ್ತು ಮಾಜಿ ಸೈನಿಕರ ಆತ್ಮಹತ್ಯೆಗಳ ಬಗ್ಗೆ 2021ರಲ್ಲಿ ನೇಮಕವಾದ ರಾಯಲ್ ಆಯೋಗವು 2024ರ ಸೆಪ್ಟೆಂಬರ್‌ನಲ್ಲಿ 122 ಶಿಫಾರಸುಗಳ ಅಂತಿಮ ವರದಿ ಕೊಟ್ಟಿತು. ಈ ಯುವಕರಿಗೆ ಬೇಕಾಗಿರುವುದು ಬಿಯರು ಮತ್ತು ಬಿಂಗೊ ಅಲ್ಲ. ವೈದ್ಯರ ಬಳಿಗೆ, ಕಚೇರಿಗೆ ಜೊತೆಯಲ್ಲಿ ಬರುವ ಒಬ್ಬ ಮನುಷ್ಯ. 1916ರಲ್ಲಿ ಬೇಕಾಗಿದ್ದದ್ದೂ ಅದೇ.

ಕೊರೋನಾ ಕಾಲದ 2020ರ ಏಪ್ರಿಲ್ 25ರಂದು ಮೆರವಣಿಗೆ ಇರಲಿಲ್ಲ. ಜನ ನಸುಕಿನಲ್ಲಿ ಎದ್ದು ತಂತಮ್ಮ ಮನೆಯ ಮುಂದೆ ಮೇಣದ ಬತ್ತಿ ಹಿಡಿದು ನಿಂತರು. ನೆನಪಿಗೆ ಕಟ್ಟಡ ಬೇಕಾಗಿಲ್ಲ ಎಂಬುದು ಅಂದು ಗೊತ್ತಾಯಿತು. ನೆರವಿಗೆ ಮಾತ್ರ ಬೇಕು.

ಈ ಕಥೆಗೂ ಕರ್ನಾಟಕಕ್ಕೂ ಒಂದು ಎಳೆ ಇದೆ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು ನಿವೃತ್ತಿಯ ನಂತರ, 1956ರವರೆಗೆ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. 1964ರಲ್ಲಿ ಅವರೇ ಭಾರತೀಯ ಮಾಜಿ ಸೈನಿಕರ ಲೀಗನ್ನು ಸ್ಥಾಪಿಸಿದರು. ಸಮವಸ್ತ್ರ ಕಳಚಿದ ಮೇಲೂ ಸೈನಿಕನಿಗೆ ಒಂದು ಮನೆ ಬೇಕು ಎಂಬುದನ್ನು ಆ ಹಿರಿಯರು ಅರಿತಿದ್ದರು. ನಮ್ಮ ಊರುಗಳಲ್ಲೂ ಪಿಂಚಣಿ ಕಾಗದ ಹಿಡಿದು ಅಲೆಯುವ ಹವಾಲ್ದಾರರ ವಿಧವೆಯರಿದ್ದಾರೆ. ಆಗಸ್ಟ್ 15ರಂದು ಹಾರ ಹಾಕಿಸಿಕೊಂಡ ಮಾಜಿ ಸೈನಿಕನಿಗೆ 16ರಂದು ಯಾವ ಬಾಗಿಲು ತೆರೆದಿರುತ್ತದೆ? ವಾಲ್ಗೆಟ್‌ನ ಪ್ರಶ್ನೆ ವಾಲ್ಗೆಟ್‌ನದು ಮಾತ್ರವಲ್ಲ.